ಮಂಡ್ಯದ ನರ್ಸಿಂಗ್ ಹೋಮ್ ಬಿಟ್ಟು ಮೈಸೂರಿನ ದೊಡ್ಡ ಆಸ್ಪತ್ರೆ ಕಂಪನಿಗೆ ಸೇರಬಹುದಾ?

ಪ್ರಶ್ನೆ: ನನಗೆ 26 ವರ್ಷ. ಬಿಎಸ್ಸಿ ನರ್ಸಿಂಗ್ ಮುಗಿಸಿ ಮೂರು ವರ್ಷದಿಂದ ಮಂಡ್ಯದ ಒಂದು 30 ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ 15,000 ಕೈಗೆ ಬರುತ್ತದೆ. ಪಿಎಫ್, ಇಎಸ್‌ಐ ಯಾವುದೂ ಇಲ್ಲ. ಆದರೆ ಡಾಕ್ಟರ್ ದಂಪತಿ ಮನೆ ಮಗಳ ಹಾಗೆ ನೋಡಿಕೊಳ್ಳುತ್ತಾರೆ. ಈಗ ಹಲವು ಊರುಗಳಲ್ಲಿ ಆಸ್ಪತ್ರೆ ಇರುವ ಒಂದು ದೊಡ್ಡ ಕಂಪನಿಯಿಂದ ಮೈಸೂರಿಗೆ ಆಫರ್ ಬಂದಿದೆ. ವರ್ಷಕ್ಕೆ 3 ಲಕ್ಷ ಸಿಟಿಸಿ, ಎರಡು ವರ್ಷದ ಬಾಂಡ್ (ಅಷ್ಟರೊಳಗೆ ಬಿಟ್ಟರೆ ದುಡ್ಡು ಕಟ್ಟಬೇಕು). ಅಪ್ಪ ‘ಸರ್ಕಾರಿ ಕೆಲಸಕ್ಕೆ ಓದು’ ಅನ್ನುತ್ತಾರೆ. ಅಲ್ಲಿ ಇದ್ದು ಬಂದ ಗೆಳತಿ ‘ಹಿಂಡಿ ಹಿಪ್ಪೆ ಮಾಡ್ತಾರೆ, ಬೇಡ’ ಅನ್ನುತ್ತಾಳೆ. ಮನೆಯಲ್ಲಿ ಮದುವೆ ಮಾತೂ ನಡೆದಿದೆ. ಹೋಗಲಾ, ಬೇಡವಾ? ಒಳ್ಳೆಯದು ಕೆಟ್ಟದ್ದು ಎರಡೂ ಹೇಳಿ.
– ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಹೋಗಿ. ಆದರೆ ಸಂಬಳ ನೋಡಿ ಹೋಗಬೇಡಿ, ಕೆಲಸ ಕಲಿಯೋದಕ್ಕೆ ಹೋಗಿ. ಯಾವ ವಿಭಾಗಕ್ಕೆ ಹಾಕುತ್ತಾರೆ ಅನ್ನೋದು ಬರವಣಿಗೆಯಲ್ಲಿ ಕೈಗೆ ಬಂದ ಮೇಲೆ ಹೋಗಿ. ಮೂಲ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಅಂದರೆ ಮಾತ್ರ ಹೋಗಬೇಡಿ.

ನಾನು ಸರ್ಕಾರಿ ವಾರ್ಡಿನಲ್ಲಿ ಕೆಲಸ ಶುರು ಮಾಡಿ, ಆಮೇಲೆ ಮೈಸೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಗಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ಇದ್ದವಳು. ಮಂಡ್ಯ, ಚಾಮರಾಜನಗರ, ಹುಣಸೂರು ಕಡೆಯಿಂದ ಬಂದ ಹುಡುಗಿಯರನ್ನು ಕೆಲಸಕ್ಕೆ ತಗೊಂಡಿದ್ದೇನೆ, ಬೀಳ್ಕೊಟ್ಟಿದ್ದೇನೆ. ನಿಮ್ಮ ಗೆಳತಿ ಹೇಳಿದ್ದು ಸುಳ್ಳಲ್ಲ. ನಿಮ್ಮಪ್ಪ ಹೇಳಿದ್ದೂ ತಪ್ಪಲ್ಲ. ಆದರೂ ಯಾಕೆ ಹೋಗಿ ಅನ್ನುತ್ತಿದ್ದೇನೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಎಲ್ಲರೂ ಮೋಸ ಹೋಗೋದು ಇಲ್ಲೇ. ಸಿಟಿಸಿ ಅಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ನಿಮ್ಮ ಸಂಬಳ ಅಲ್ಲ. 3 ಲಕ್ಷ ಅಂದರೆ ತಿಂಗಳಿಗೆ 25,000. ಬೇಸಿಕ್ 12,500 ಅಂತ ಇಟ್ಟುಕೊಳ್ಳಿ. ಅದರ 12 ಪರ್ಸೆಂಟ್, ಅಂದರೆ 1,500 ರೂಪಾಯಿ, ಕಂಪನಿಯ ಪಾಲಿನ ಪಿಎಫ್. ಗ್ರ್ಯಾಚುಟಿ, ಅಂದರೆ ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಕೊಡುವ ಹಣ, ಅಂತ ಸುಮಾರು 600 ತೆಗೆದಿಡುತ್ತಾರೆ. ಉಳಿದಿದ್ದು 22,900. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,500 ಹೋಗುತ್ತದೆ. ಕೈಗೆ ಬರೋದು ಸುಮಾರು 21,400. ವರ್ಷದ ಬೋನಸ್ಸನ್ನೋ ಇನ್ಸೆಂಟಿವನ್ನೋ ಇದೇ 3 ಲಕ್ಷದೊಳಗೆ ಸೇರಿಸಿದ್ದರೆ ಇನ್ನೂ ಕಡಿಮೆ. ಹಾಸ್ಟೆಲ್ಲು, ಮೆಸ್ಸು ಕಳೆದರೆ ಮಂಡ್ಯದ 15,000ಕ್ಕೂ ಇದಕ್ಕೂ ತಿಂಗಳ ಕೊನೆಯಲ್ಲಿ ಅಂಥಾ ವ್ಯತ್ಯಾಸ ಕಾಣೋದಿಲ್ಲ. ಆಫರ್ ಲೆಟರ್ ಜೊತೆ ಸಂಬಳದ ವಿಂಗಡಣೆಯ ಹಾಳೆ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ. ‘ಇನ್‌ಹ್ಯಾಂಡ್ ಎಷ್ಟು ಬರುತ್ತೆ ಸರ್?’ ಅಂತ ಎಚ್‌ಆರ್ ಹತ್ತಿರ ನೇರವಾಗಿ ಕೇಳಿ. ಅದರಲ್ಲಿ ನಾಚಿಕೊಳ್ಳೋದು ಏನೂ ಇಲ್ಲ.

ಆದರೆ ಪಿಎಫ್ ಕಟ್ಟಾಗುತ್ತೆ ಅಂತ ಬೇಸರ ಮಾಡಿಕೊಳ್ಳಬೇಡಿ. ತಿಂಗಳಿಗೆ ನಿಮ್ಮದು 1,500, ಅವರದು 1,500. ನಿಮ್ಮ ಹೆಸರಲ್ಲಿ ಯುಎಎನ್ ಅನ್ನೋ ಒಂದು ಪಿಎಫ್ ನಂಬರ್ ಬರುತ್ತದೆ. ಕೆಲಸ ಬದಲಾದರೂ ಅದು ಬದಲಾಗೋದಿಲ್ಲ. ನಿಮ್ಮ ಮೂರು ವರ್ಷದ ದುಡಿಮೆಗೆ ಈಗ ಯಾವ ದಾಖಲೆಯೂ ಇಲ್ಲ, ಅಲ್ವಾ? ನನಗೆ ಅದೇ ದೊಡ್ಡ ಸಂಕಟ. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆಯಲ್ಲಿ, 21,000ದೊಳಗೆ ಸಂಬಳ ಇರುವವರಿಗೆ ಇಎಸ್‌ಐ ಕೊಡಬೇಕು. 20 ಜನ ಇದ್ದರೆ ಪಿಎಫ್ ಕೊಡಬೇಕು. 30 ಹಾಸಿಗೆಯ ನರ್ಸಿಂಗ್ ಹೋಮ್ ನಡೆಸೋದಕ್ಕೆ ಎಷ್ಟು ಜನ ಬೇಕು ಅಂತ ನೀವೇ ಲೆಕ್ಕ ಹಾಕಿ. ಡಾಕ್ಟರ್ ದಂಪತಿ ಒಳ್ಳೆಯವರೇ ಇರಬಹುದು. ಹಬ್ಬಕ್ಕೆ ಸೀರೆ ಕೊಡಬಹುದು, ಜ್ವರ ಬಂದರೆ ಬಿಟ್ಟಿ ಔಷಧಿ ಕೊಡಬಹುದು. ಆ ಪ್ರೀತಿ ನಿಜವೇ ಇದ್ದರೂ ಪಿಎಫ್ ಬಾಕಿ ಬಾಕಿಯೇ.

ಹೊಸ ಕೆಲಸದಲ್ಲಿ ಇನ್ನೊಂದು ವಿಷಯ ಗಮನಿಸಿ. ಇಎಸ್‌ಐ ಲೆಕ್ಕಕ್ಕೆ ಬರುವ ಸಂಬಳ 21,000 ದಾಟಿದರೆ ಇಎಸ್‌ಐ ಸಿಗೋದಿಲ್ಲ. ಅದರ ಬದಲು ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಇರುತ್ತದೆ. ಅದರಲ್ಲಿ ಅಪ್ಪ ಅಮ್ಮ ಸೇರುತ್ತಾರಾ, ಇಲ್ಲ ನೀವೊಬ್ಬರೇನಾ ಅಂತ ಕೇಳಿ. ಹಳ್ಳಿಯಲ್ಲಿ ಅಪ್ಪ ಅಮ್ಮ ಇರುವವರಿಗೆ ಇದು ಸಂಬಳದಷ್ಟೇ ಮುಖ್ಯ.

ಒಟ್ಟಿನಲ್ಲಿ ದೊಡ್ಡ ಕಂಪನಿ ಕೊಡುವ ಸಂಬಳ ದೊಡ್ಡದೇನಲ್ಲ. ಇದನ್ನು ನಾನು ಕೋಪದಿಂದಲೇ ಹೇಳುತ್ತೇನೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಸಮಿತಿ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. ಸಮಿತಿ ವರದಿ ಕೊಟ್ಟಿತು. 200ಕ್ಕಿಂತ ಜಾಸ್ತಿ ಹಾಸಿಗೆಯ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ನರ್ಸ್‌ಗಳಷ್ಟೇ ಸಂಬಳ ಇರಬೇಕು. 100ರಿಂದ 200 ಹಾಸಿಗೆ ಇದ್ದರೆ ಅದಕ್ಕಿಂತ ಶೇ 10ರಷ್ಟು, 50ರಿಂದ 100 ಇದ್ದರೆ ಶೇ 25ರಷ್ಟು ಮಾತ್ರ ಕಡಿಮೆ ಇರಬಹುದು. 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ 20,000ಕ್ಕೆ ಇಳಿಯಬಾರದು. ಅಂದರೆ ನಿಮ್ಮ ಮಂಡ್ಯದ ನರ್ಸಿಂಗ್ ಹೋಮ್ ಕೂಡ ಅಂದಿನ ಲೆಕ್ಕದಲ್ಲೇ 20,000 ಕೊಡಬೇಕಿತ್ತು. ಅದು ಶಿಫಾರಸು ಮಾತ್ರ. ರಾಜ್ಯಗಳು ಕಾನೂನು ಮಾಡಿ ಬಿಗಿ ಮಾಡದ ಕಾರಣ ಹೆಚ್ಚಿನ ಕಡೆ ಕಾಗದದಲ್ಲೇ ಉಳಿದಿದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ತರುವ ಆಸ್ಪತ್ರೆಗೆ ಆ ಯಂತ್ರದ ಪಕ್ಕ ರಾತ್ರಿಯಿಡೀ ನಿಲ್ಲುವ ಹುಡುಗಿಗೆ ಸರಿಯಾದ ಸಂಬಳ ಕೊಡೋದಕ್ಕೆ ಆಗೋದಿಲ್ಲ ಅಂದರೆ ನಾನು ಒಪ್ಪೋದಿಲ್ಲ.

ಹಾಗಾದರೆ ಯಾಕೆ ಹೋಗಬೇಕು? ಕೆಲಸಕ್ಕಾಗಿ.

30 ಹಾಸಿಗೆಯಲ್ಲಿ ನೀವು ಎಲ್ಲವನ್ನೂ ಮಾಡಿದ್ದೀರಿ. ಹೆರಿಗೆ, ಡ್ರಿಪ್ಪು, ಡ್ರೆಸ್ಸಿಂಗು, ಒಪಿಡಿ, ಬಹುಶಃ ಬಿಲ್ಲಿಂಗ್ ಕೂಡ. ಇದರಿಂದ ಧೈರ್ಯ ಬರುತ್ತದೆ, ಕೈ ಪಳಗುತ್ತದೆ. ಅದನ್ನು ಕಡಿಮೆ ಅಂತ ನಾನು ಅಂದುಕೊಂಡೇ ಇಲ್ಲ. ಆದರೆ ರೋಗಿಯ ಸ್ಥಿತಿ ಗಂಭೀರ ಆದ ತಕ್ಷಣ ಏನು ಮಾಡುತ್ತೀರಿ? ಆಂಬುಲೆನ್ಸ್ ಕರೆಸಿ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೋ, ಮೈಸೂರಿಗೋ ಕಳಿಸುತ್ತೀರಿ. ಆ ರೋಗಿ ಆಂಬುಲೆನ್ಸ್ ಹತ್ತಿದ ಮೇಲೆ ಏನಾಯಿತು ಅನ್ನೋದನ್ನು ನೀವು ನೋಡೇ ಇಲ್ಲ. ನಿಮ್ಮ ಕಲಿಕೆ ಆಂಬುಲೆನ್ಸ್ ಬಾಗಿಲಲ್ಲಿ ನಿಂತುಬಿಡುತ್ತಿದೆ. ದೊಡ್ಡ ಆಸ್ಪತ್ರೆಯಲ್ಲಿ ಅದು ಮುಂದುವರಿಯುತ್ತದೆ. ವೆಂಟಿಲೇಟರ್ ಮೇಲಿರುವ ರೋಗಿ, ಹಾರ್ಟ್ ಆಪರೇಷನ್ ಆಗಿ ಮೊದಲ ರಾತ್ರಿ ಕಳೆಯುತ್ತಿರುವ ರೋಗಿ, ಡಯಾಲಿಸಿಸ್, ಹೃದಯದ ರಕ್ತನಾಳ ಪರೀಕ್ಷಿಸುವ ಕ್ಯಾತ್ ಲ್ಯಾಬ್, ತಿಂಗಳು ತುಂಬದೆ ಹುಟ್ಟಿದ ಮಗು. ಇವನ್ನು ಪುಸ್ತಕ ಓದಿ ಕಲಿಯೋದಕ್ಕೆ ಆಗೋದಿಲ್ಲ.

ಅದಕ್ಕಿಂತ ದೊಡ್ಡದು ಕೆಲಸದ ಶಿಸ್ತು. ಎನ್‌ಎಬಿಎಚ್ ಅನ್ನೋ ಗುಣಮಟ್ಟದ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಮುಂಚೆ ರೋಗಿಯ ಹೆಸರು ಮತ್ತು ಆಸ್ಪತ್ರೆ ನಂಬರ್ ಎರಡನ್ನೂ ತಾಳೆ ನೋಡಲೇಬೇಕು. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಥರದ ಅಪಾಯದ ಔಷಧಿಗಳನ್ನು ಇಬ್ಬರು ನರ್ಸ್‌ಗಳು ಸೇರಿ ಪರೀಕ್ಷಿಸಿಯೇ ಕೊಡಬೇಕು. ಡಾಕ್ಟರ್ ಫೋನಲ್ಲಿ ಹೇಳಿದ ಆರ್ಡರನ್ನು ಬರೆದುಕೊಂಡು ಅವರಿಗೇ ಓದಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕು. ಮೊದಲ ವಾರ ಇದೆಲ್ಲ ತಲೆನೋವು ಅನಿಸುತ್ತದೆ. ಆದರೆ ಒಂದು ಸಲ ಈ ಅಭ್ಯಾಸ ಮೈಗೆ ಹತ್ತಿದರೆ ಜೀವನಪೂರ್ತಿ ಬಿಡೋದಿಲ್ಲ. ತಪ್ಪು ನಡೆದಾಗ, ಅಥವಾ ನಡೆಯೋದು ಸ್ವಲ್ಪದರಲ್ಲಿ ತಪ್ಪಿದಾಗ, ಇನ್ಸಿಡೆಂಟ್ ರಿಪೋರ್ಟ್ ಬರೆಯೋದು ಕೂಡ ಹಾಗೆಯೇ. ಸಣ್ಣ ಕಡೆ ತಪ್ಪಾದರೆ ಒಂದೋ ಮುಚ್ಚಿಡುತ್ತಾರೆ, ಇಲ್ಲ ಸಿಸ್ಟರ್ ತಲೆಗೆ ಕಟ್ಟುತ್ತಾರೆ. ಚೆನ್ನಾಗಿ ನಡೆಯುವ ದೊಡ್ಡ ಆಸ್ಪತ್ರೆಯಲ್ಲಿ ‘ಯಾರು ಮಾಡಿದ್ದು?’ ಅನ್ನೋದಕ್ಕಿಂತ ‘ಯಾಕಾಯ್ತು?’ ಅಂತ ಕೇಳುತ್ತಾರೆ. ಎಲ್ಲ ಕಡೆ ಹೀಗಿರುತ್ತೆ ಅಂತ ನಾನು ಹೇಳೋದಿಲ್ಲ. ಇಂಟರ್ವ್ಯೂನಲ್ಲೇ ಕೇಳಿ ನೋಡಿ, ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ.

ನಿಮ್ಮ ಮೈ ಕಾಪಾಡಿಕೊಳ್ಳೋ ವಿಷಯದಲ್ಲೂ ದೊಡ್ಡ ಕಡೆ ವ್ಯವಸ್ಥೆ ವಾಸಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯಾ? ಆಮೇಲೆ ರಕ್ತ ಪರೀಕ್ಷೆ ಮಾಡಿಸಿ ರಕ್ಷಣೆ ಬಂದಿದೆ ಅಂತ ನೋಡಿದ್ದಾರಾ? ಇಲ್ಲ ಅಂದರೆ ಎಲ್ಲೇ ಕೆಲಸ ಮಾಡಿ, ಈ ತಿಂಗಳೇ ಶುರು ಮಾಡಿ. 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ತ್ಯಾಜ್ಯ ಮುಟ್ಟುವ ಎಲ್ಲ ಸಿಬ್ಬಂದಿಗೂ ಈ ಲಸಿಕೆ ಹಾಕಿಸೋದು ಆಸ್ಪತ್ರೆಯ ಜವಾಬ್ದಾರಿ. ಸೂಜಿ ಚುಚ್ಚಿಕೊಂಡರೆ ದೊಡ್ಡ ಆಸ್ಪತ್ರೆಯಲ್ಲಿ ಯಾರಿಗೆ ಹೇಳಬೇಕು, ಎಲ್ಲಿ ಔಷಧಿ ಸಿಗುತ್ತದೆ ಅನ್ನೋದು ನಿಗದಿ ಆಗಿರುತ್ತದೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ಭಾನುವಾರ ರಾತ್ರಿ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಸೂಜಿ ಚುಚ್ಚಿಕೊಂಡ ಹುಡುಗಿ ಯಾರನ್ನು ಕೇಳಬೇಕು?

ಈ ಕಲಿಕೆ ಸಿಗಬೇಕು ಅಂತಲೇ ವಿಭಾಗದ ಮಾತನ್ನು ಮೊದಲೇ ಎತ್ತಿದ್ದು. ಐಸಿಯು, ಎಮರ್ಜೆನ್ಸಿ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ನವಜಾತ ಶಿಶುಗಳ ಐಸಿಯು. ಇವುಗಳಲ್ಲಿ ಒಂದನ್ನು ಕೇಳಿ. ನಿಮಗೆ ಹೆರಿಗೆ ವಾರ್ಡಿನ ಅನುಭವ ಇದೆ, ಶಿಶುಗಳ ಐಸಿಯು ನಿಮಗೆ ಹೊಂದುತ್ತದೆ ಅಂತ ನನ್ನ ಅನಿಸಿಕೆ. ‘ಮೊದಲು ಸೇರಿ, ಆಮೇಲೆ ನೋಡೋಣ’ ಅಂದರೆ ನಂಬಬೇಡಿ. ಹಾಗೆ ಸೇರಿದವರು ಒಪಿಡಿಯಲ್ಲಿ ಡಾಕ್ಟರ್ ಪಕ್ಕ ಫೈಲ್ ಹಿಡಿದು ಎರಡು ವರ್ಷ ಕಳೆದಿದ್ದನ್ನು ಕಂಡಿದ್ದೇನೆ. ಅವರ ಸಂಬಳವೂ ಬೆಳೆಯಲಿಲ್ಲ, ಕೈಯೂ ಬೆಳೆಯಲಿಲ್ಲ. ಒಪಿಡಿ ಆರಾಮ ನಿಜ, ನೈಟ್ ಡ್ಯೂಟಿ ಇಲ್ಲ. ಆದರೆ ಆ ಆರಾಮಕ್ಕೆ ಮಂಡ್ಯ ಬಿಟ್ಟು ಹೋಗೋದು ಬೇಕಿಲ್ಲ.

ಎರಡು ವರ್ಷ ಐಸಿಯು ಮಾಡಿದವರಿಗೆ ಮುಂದೆ ಬಾಗಿಲು ಬಹಳ. ಗಲ್ಫ್‌ಗೆ ಆಗಲಿ ಇಂಗ್ಲೆಂಡ್‌ಗೆ ಆಗಲಿ ಕರೆದುಕೊಂಡು ಹೋಗುವವರು ಮೊದಲು ಕೇಳೋದು ಎಷ್ಟು ಹಾಸಿಗೆಯ ಆಸ್ಪತ್ರೆ, ಯಾವ ವಿಭಾಗ, ಎಷ್ಟು ವರ್ಷ ಅಂತ. ಹೊರದೇಶ ಬೇಡ ಅಂದರೂ ಇಲ್ಲೇ ದಾರಿಗಳಿವೆ. ಸೋಂಕು ನಿಯಂತ್ರಣದ ನರ್ಸ್, ನರ್ಸ್ ಎಜುಕೇಟರ್, ಅಂಗಾಂಗ ಕಸಿಯ ಕೋಆರ್ಡಿನೇಟರ್, ಕ್ವಾಲಿಟಿ ವಿಭಾಗ. ಸಣ್ಣ ಆಸ್ಪತ್ರೆಯಲ್ಲಿ ಈ ಹುದ್ದೆಗಳು ಬಹುಪಾಲು ಇರೋದೇ ಇಲ್ಲ.

ಇನ್ನು ನಿಮ್ಮ ಗೆಳತಿ ಹೇಳಿದ ‘ಹಿಂಡಿ ಹಿಪ್ಪೆ’ ವಿಷಯ.

ಅದು ಜನ ಸಾಲದ ಸಮಸ್ಯೆ. ನಿಯಮದ ಪ್ರಕಾರ ವೆಂಟಿಲೇಟರ್ ರೋಗಿ ಒಬ್ಬರಿಗೆ ಒಬ್ಬ ನರ್ಸ್ ಇರಬೇಕು. ಐಸಿಯುನ ಬೇರೆ ರೋಗಿಗಳಾದರೆ ಇಬ್ಬರಿಗೆ ಒಬ್ಬರು, ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗಳಿಗೆ ಒಬ್ಬರು. ಆಡಿಟ್ ಬಂದ ದಿನ ಇದು ಸರಿಯಾಗಿ ಕಾಣುತ್ತದೆ. ಉಳಿದ ದಿನ ನೋಡಬೇಕು. ಹುಡುಗಿಯರು ವಿದೇಶಕ್ಕೆ ಹೋಗುತ್ತಾರೆ, ಮದುವೆಯಾಗಿ ಹೋಗುತ್ತಾರೆ, ಸರ್ಕಾರಿ ಕೆಲಸ ಸಿಕ್ಕಿ ಹೋಗುತ್ತಾರೆ. ಅವರ ಜಾಗಕ್ಕೆ ಜನ ಬರುವ ತನಕ ಇದ್ದವರ ಮೇಲೆ ಹೊರೆ. ವಾರದ ರಜಾ ಹಿಂದಿನ ರಾತ್ರಿ ಕ್ಯಾನ್ಸಲ್ ಆಗುತ್ತದೆ. ಬೆಳಗಿನ ಎಂಟಕ್ಕೆ ಮುಗಿಯಬೇಕಾದ ನೈಟ್ ಡ್ಯೂಟಿ ಹ್ಯಾಂಡೋವರ್, ಕಂಪ್ಯೂಟರ್ ಎಂಟ್ರಿ ಅಂತ ಒಂಬತ್ತೂವರೆ ಆಗುತ್ತದೆ. ಆ ಒಂದೂವರೆ ಗಂಟೆ ಯಾವ ಲೆಕ್ಕಕ್ಕೂ ಬರೋದಿಲ್ಲ. ನಿಮ್ಮ ವಾರ್ಡಿನಿಂದ ಎತ್ತಿ ಗೊತ್ತಿಲ್ಲದ ಫ್ಲೋರಿಗೆ ಹಾಕುತ್ತಾರೆ. ನಾನು ಸೂಪರಿಂಟೆಂಡೆಂಟ್ ಆಗಿದ್ದ ಒಂದು ಕಡೆ ಜನ ಬೇಕು ಅಂತ ತಿಂಗಳುಗಟ್ಟಲೆ ಕಾಗದ ಬರೆದೆ. ‘ಹಾಸಿಗೆ ತುಂಬಿದ ಲೆಕ್ಕಕ್ಕೆ ತಕ್ಕಂತೆ ಕೊಡುತ್ತೇವೆ’ ಅನ್ನೋ ಒಂದೇ ಉತ್ತರ. ಹಾಸಿಗೆ ತುಂಬಿದಾಗ ಜನ ಬರಲಿಲ್ಲ, ಖಾಲಿಯಾದಾಗ ಇದ್ದವರನ್ನೂ ರಜಾ ಮೇಲೆ ಕಳಿಸಿದರು. ಅಲ್ಲಿ ಕೂತು ಲೆಕ್ಕ ಹಾಕುವವರಿಗೆ ವಾರ್ಡ್ ಒಂದು ಸಂಖ್ಯೆ. ರಾತ್ರಿ ಮೂರು ಗಂಟೆಗೆ ಒಂದೇ ಸಲ ಇಬ್ಬರು ರೋಗಿಗಳ ಅಲಾರಂ ಹೊಡೆದುಕೊಂಡಾಗ ಓಡುವವಳಿಗೆ ಅದು ಸಂಖ್ಯೆ ಅಲ್ಲ.

ಆದ್ದರಿಂದ ಸೇರುವ ಮುಂಚೆ ಒಂದು ಕೆಲಸ ಮಾಡಿ. ಆ ಆಸ್ಪತ್ರೆಯ ಗೇಟಿನ ಎದುರು ಟೀ ಅಂಗಡಿ ಇರುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ. ನೈಟ್ ಮುಗಿಸಿ ಬರುವ ಸಿಸ್ಟರ್‌ಗಳನ್ನು ಮಾತಾಡಿಸಿ. ನಿನ್ನೆ ರಾತ್ರಿ ಎಷ್ಟು ರೋಗಿ ನೋಡಿಕೊಂಡಿರಿ, ಕಳೆದ ತಿಂಗಳು ಎಷ್ಟು ವಾರದ ರಜಾ ಸಿಕ್ಕಿತು, ಓವರ್‌ಟೈಮ್ ದುಡ್ಡು ಕೊಡ್ತಾರಾ ಅಂತ ಕೇಳಿ. ಎಚ್‌ಆರ್ ಹೇಳದ್ದೆಲ್ಲ ಅಲ್ಲಿ ತಿಳಿಯುತ್ತದೆ. ಒಂದೇ ಕಂಪನಿಯ ಎರಡು ಆಸ್ಪತ್ರೆಗಳಲ್ಲಿ ಪರಿಸ್ಥಿತಿ ಬೇರೆ ಬೇರೆ ಇರುತ್ತದೆ. ಒಂದೇ ಆಸ್ಪತ್ರೆಯ ಎರಡು ಮಹಡಿಗಳಲ್ಲೂ ಬೇರೆ. ಇನ್‌ಚಾರ್ಜ್ ಸಿಸ್ಟರ್ ಒಳ್ಳೆಯವರಾದರೆ ಅರ್ಧ ಕಷ್ಟ ಕಡಿಮೆ.

ಎರಡನೇ ನೋವು ಬಿಲ್ಲಿನದು. ಇದು ನಿಮಗೆ ಹೊಸದು, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಬಿಲ್ ಮಾಡೋದು ಕೆಳಗಡೆ ಕೌಂಟರ್‌ನವರು. ಎಸ್ಟಿಮೇಟ್ ಕೊಡೋದು ಇನ್ನೊಬ್ಬರು. ಇನ್ಶೂರೆನ್ಸ್ ಒಪ್ಪಿಗೆ ಬರಬೇಕಾದ್ದು ಟಿಪಿಎಯಿಂದ, ಅಂದರೆ ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಯಿಂದ. ಆದರೆ ಹಾಸಿಗೆ ಪಕ್ಕ ನಿಂತಿರೋದು ನೀವು. ಮಳವಳ್ಳಿಯಿಂದಲೋ ಕೆ.ಆರ್. ಪೇಟೆಯಿಂದಲೋ ಬಂದ ಮನೆಯವರು ದುಡ್ಡು ಹೊಂದಿಸಲಾಗದೆ ನಿಮ್ಮ ಮುಖ ನೋಡುತ್ತಾರೆ. ಕೆಲವರು ಅಳುತ್ತಾರೆ, ಕೆಲವರು ಕೂಗಾಡುತ್ತಾರೆ. ಡಿಸ್ಚಾರ್ಜ್ ಅಂತ ಬೆಳಿಗ್ಗೆ ಹೇಳಿದ ರೋಗಿ ಸಂಜೆಯವರೆಗೆ ಕಾಯುತ್ತಾರೆ, ಬೈಗುಳ ನಿಮಗೆ. ಕೈ ಮಾಡುವ ಮಟ್ಟಕ್ಕೆ ಹೋದರೆ ಸುಮ್ಮನಿರಬೇಡಿ. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯೋದಕ್ಕೆ ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ, ಅದು ನರ್ಸ್‌ಗಳಿಗೂ ಅನ್ವಯಿಸುತ್ತದೆ. ದೂರು ಕೊಡುವಾಗ ಆಸ್ಪತ್ರೆಯೇ ಮುಂದೆ ನಿಲ್ಲಬೇಕು. ನಿಲ್ಲುತ್ತಾ ಅನ್ನೋದನ್ನೂ ಆ ಟೀ ಅಂಗಡಿಯಲ್ಲೇ ಕೇಳಿ.

ದುಡ್ಡಿಲ್ಲ ಅಂತ ರೋಗಿಯನ್ನು ಅರ್ಧಕ್ಕೇ ಕರೆದುಕೊಂಡು ಹೋಗುವ ದಿನಗಳು ಬರುತ್ತವೆ. ಆ ದಿನ ಊಟ ಸೇರೋದಿಲ್ಲ. ನಿಮ್ಮ ಕೈಲಿ ಬಿಲ್ ಇಳಿಸೋದು ಆಗದು, ಆದರೆ ದಾರಿ ತೋರಿಸೋದು ಆಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಹಾಲಿನ ಸೊಸೈಟಿ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇರಬಹುದು, ಮಂಡ್ಯ ಕಡೆ ಬಹಳ ಜನ ಸದಸ್ಯರೇ. ನಿಮ್ಮ ಆಸ್ಪತ್ರೆ ಯಾವ ಯೋಜನೆಯಲ್ಲಿದೆ, ಯೋಜನೆ ವಿಷಯದಲ್ಲಿ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರ ಎಲ್ಲಿ ಕೂರುತ್ತಾರೆ ಅಂತ ಮೊದಲ ವಾರವೇ ತಿಳಿದುಕೊಳ್ಳಿ. ಹೃದಯದ ಕಾಯಿಲೆಯಾದರೆ ಮೈಸೂರಿನಲ್ಲೇ ಜಯದೇವ ಇದೆ, ಕೆ.ಆರ್. ಆಸ್ಪತ್ರೆ ಇದೆ. ಮನೆಯವರು ಕೇಳಿದರೆ ಇದ್ದದ್ದನ್ನು ಹೇಳೋದು ತಪ್ಪಲ್ಲ. ಅದು ನರ್ಸ್‌ನ ಕೆಲಸವೇ.

ಇಲ್ಲಿ ನಿಮ್ಮ ಕನ್ನಡ ಬಹಳ ಬೆಲೆ ಬಾಳುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಬೇರೆ ರಾಜ್ಯದ ಸಿಸ್ಟರ್‌ಗಳು ಬಹಳ ಜನ. ಒಳ್ಳೆಯ ಕೆಲಸಗಾರರು, ಅವರಿಂದ ನಾನೇ ಎಷ್ಟೋ ಕಲಿತಿದ್ದೇನೆ. ಆದರೆ ನಾಗಮಂಗಲದ ಅಜ್ಜಿ ‘ಎದೆ ಒಳಗೆ ಒಂಥರಾ ಸಂಕ್ಟ ಕಣವ್ವ’ ಅಂದಾಗ ಅದು ಗ್ಯಾಸೋ ಹಾರ್ಟೋ ಅಂತ ಇನ್ನೆರಡು ಪ್ರಶ್ನೆ ಕೇಳಿ ತಿಳಿಯೋದಕ್ಕೆ ಆ ಮಾತಿನ ಒಳಗೇ ಬೆಳೆದವರು ಬೇಕು. ಇದರಿಂದ ನಿಮಗೆ ಹೊರೆಯೂ ಜಾಸ್ತಿ. ಎಲ್ಲ ವಾರ್ಡಿನವರೂ ‘ಸ್ವಲ್ಪ ಬಂದು ಮಾತಾಡಿ ಸಿಸ್ಟರ್’ ಅಂತ ಕರೆಯುತ್ತಾರೆ. ಬೇಸರ ಪಡಬೇಡಿ. ರೋಗಿಗೆ ತಿಳಿಸಿ ಹೇಳೋದನ್ನು ನಿಮ್ಮ ವಿಶೇಷ ಕೆಲಸ ಅಂತ ದಾಖಲೆಗೆ ತನ್ನಿ. ವರ್ಷದ ಅಪ್ರೈಸಲ್‌ನಲ್ಲಿ ಬರೆಯಿರಿ. ಇಂಗ್ಲಿಷ್ ಬಗ್ಗೆ ಭಯ ಬೇಡ. ಹ್ಯಾಂಡೋವರ್‌ಗೆ ಬೇಕಾದ ಇಂಗ್ಲಿಷ್ ಆರು ತಿಂಗಳಲ್ಲಿ ಬಂದೇ ಬರುತ್ತದೆ.

ಕಂಪನಿ ದೊಡ್ಡದಾದಷ್ಟೂ ಒಡೆತನ ದೂರ. ಮೈಸೂರಿನವರಿಗೆ ಇದು ಗೊತ್ತಿರೋದೇ. ಕೊಲಂಬಿಯಾ ಏಷ್ಯಾ ಅಂತ ಇದ್ದ ಆಸ್ಪತ್ರೆ 2021ರ ಖರೀದಿಯಲ್ಲಿ ಮಣಿಪಾಲ್ ಆಯಿತು. 2023ರಲ್ಲಿ ಮಣಿಪಾಲ್ ಆಸ್ಪತ್ರೆಗಳಲ್ಲಿ ಸಿಂಗಪುರದ ಟೆಮಾಸೆಕ್ ಬಹುಪಾಲು ಷೇರು ತೆಗೆದುಕೊಂಡಿತು. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ತೀರ್ಪು ಕೊಡುತ್ತಿಲ್ಲ. ಆದರೆ ಹೆಸರು, ಮಾಲೀಕರು, ಮೇಲಿನ ಮ್ಯಾನೇಜರ್‌ಗಳು ಬದಲಾಗಬಹುದಾದ ಜಾಗದಲ್ಲಿ ಬಾಯಿ ಮಾತಿಗೆ ಆಯಸ್ಸು ಕಡಿಮೆ. ಮಂಡ್ಯದಲ್ಲಿ ಡಾಕ್ಟರ್ ‘ನೋಡ್ಕೊಳ್ಳೋಣ ಬಿಡಮ್ಮ’ ಅಂದರೆ ನೋಡಿಕೊಳ್ಳುತ್ತಾರೆ. ಇಲ್ಲಿ ಹಾಗೆ ಅಂದವರೇ ಮುಂದಿನ ವರ್ಷ ಇರೋದಿಲ್ಲ. ಎಲ್ಲವನ್ನೂ ಇಮೇಲ್‌ನಲ್ಲಿ ತಗೊಳ್ಳಿ.

ಬಾಂಡ್ ಬಗ್ಗೆ. ನರ್ಸ್‌ಗಳಿಗೆ ಬಾಂಡ್ ಹಾಕೋದು, ಸರ್ಟಿಫಿಕೇಟ್ ಇಟ್ಟುಕೊಳ್ಳೋದು ಸರಿಯಲ್ಲ ಅಂತ ಭಾರತೀಯ ಶುಶ್ರೂಷಾ ಪರಿಷತ್ತು 2011ರಲ್ಲೇ ಹೇಳಿದೆ. ಆದರೂ ಪದ್ಧತಿ ನಿಂತಿಲ್ಲ. ‘ಬಾಂಡ್‌ಗೆಲ್ಲ ಬೆಲೆ ಇಲ್ಲ, ಸೈನ್ ಹಾಕಿ’ ಅನ್ನುವವರ ಮಾತೂ ಕೇಳಬೇಡಿ. 2025ರ ಮೇನಲ್ಲಿ ಒಂದು ಸರ್ಕಾರಿ ಬ್ಯಾಂಕಿನ ಪ್ರಕರಣದಲ್ಲಿ, ಅವಧಿಗೆ ಮುಂಚೆ ಬಿಟ್ಟವರಿಂದ ಬಾಂಡ್ ಹಣ ತಗೊಂಡದ್ದನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆ. ಆದ್ದರಿಂದ ಸೈನ್ ಮಾಡುವ ಮುಂಚೆ ಮೊತ್ತ ನೋಡಿ. ತಿಂಗಳು ಕಳೆದಂತೆ ಮೊತ್ತ ಕಡಿಮೆ ಆಗುತ್ತಾ ಕೇಳಿ. ಸರ್ಕಾರಿ ಕೆಲಸ ಸಿಕ್ಕರೆ, ಮದುವೆಯಾಗಿ ಬೇರೆ ಊರಿಗೆ ಹೋದರೆ ರಿಯಾಯಿತಿ ಇದೆಯಾ ಕೇಳಿ. ಎರಡು ವರ್ಷವನ್ನು ಒಂದು ವರ್ಷಕ್ಕೆ ಇಳಿಸಿ ಅಂತಲೂ ಕೇಳಬಹುದು. ನಿಮಗೆ ಮೂರು ವರ್ಷದ ಅನುಭವ ಇದೆ, ಹೊಸಬರಲ್ಲ. ಮೂಲ ಸರ್ಟಿಫಿಕೇಟ್‌ಗಳನ್ನು ತೋರಿಸಿ, ಅವರ ಎದುರೇ ವಾಪಸ್ ತಗೊಳ್ಳಿ. ‘ಇಟ್ಟು ಹೋಗಿ’ ಅಂದರೆ ಆ ಕಂಪನಿ ಎಷ್ಟೇ ದೊಡ್ಡದಿರಲಿ, ಬಸ್ ಹತ್ತಿ ವಾಪಸ್ ಬನ್ನಿ. ನೇಮಕಾತಿ ಕಾಯಂ ಆ, ಇಲ್ಲ ಇಷ್ಟು ವರ್ಷಕ್ಕೆ ಅಂತ ನಿಗದಿಯಾದ ಕಾಂಟ್ರಾಕ್ಟಾ ಅಂತಲೂ ನೋಡಿ. ಗ್ರ್ಯಾಚುಟಿಗೆ ಸಾಮಾನ್ಯವಾಗಿ ಐದು ವರ್ಷ ಆಗಬೇಕು. ನಿಗದಿತ ಅವಧಿಯ ಕೆಲಸದವರಿಗೆ 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಸಿಗುತ್ತದೆ.

ಓಡಾಟ: ಮಂಡ್ಯದಿಂದ ಮೈಸೂರು 45 ಕಿಲೋಮೀಟರ್ ಆಸುಪಾಸು, ಪಾಂಡವಪುರದಿಂದ ಇನ್ನೂ ಹತ್ತಿರ. ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿಯುತ್ತದೆ. ಎಕ್ಸ್‌ಪ್ರೆಸ್‌ವೇ ಮೇಲೆ ಸ್ಕೂಟರ್ ಬಿಡೋದಿಲ್ಲ, ಸರ್ವಿಸ್ ರೋಡೇ ಗತಿ. ದಿನಾ ಓಡಾಡಿಬಿಡ್ತೀನಿ ಅಂತ ಶುರು ಮಾಡಿದವರು ನೈಟ್ ಮುಗಿಸಿ ಬಸ್ಸಿನಲ್ಲಿ ನಿದ್ದೆ ಹೋಗಿ ಸ್ಟಾಪ್ ತಪ್ಪಿಸಿಕೊಳ್ಳುತ್ತಾರೆ, ಮೂರು ತಿಂಗಳಲ್ಲಿ ಸುಸ್ತಾಗುತ್ತಾರೆ. ಮೊದಲ ವರ್ಷವಾದರೂ ಹಾಸ್ಟೆಲ್‌ನಲ್ಲಿ ಇರಿ. ಇವನಿಂಗ್ ಡ್ಯೂಟಿ ಮುಗಿದ ಮೇಲೆ ಹಾಸ್ಟೆಲ್‌ಗೆ ವಾಹನ ಇದೆಯಾ ಅಂತ ಅಪ್ಪನ ಎದುರಿಗೇ ಕೇಳಿ, ಅವರಿಗೂ ಸಮಾಧಾನ.

ಮದುವೆ ವಿಷಯದಲ್ಲಿ ದೊಡ್ಡ ಕಂಪನಿ ಮೇಲು ಅಂತಲೇ ಹೇಳುತ್ತೇನೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಸಂಬಳ ಸಹಿತ ರಜಾ, ಮೊದಲ ಎರಡು ಮಕ್ಕಳಿಗೆ. 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಮಗು ಬಿಡೋದಕ್ಕೆ ಜಾಗ ಇರಬೇಕು. ಈ ಕಾನೂನು ನರ್ಸಿಂಗ್ ಹೋಮ್‌ಗೂ ಅನ್ವಯಿಸಬಹುದು, ಆದರೆ ಕೊಡುವವರು ಕಡಿಮೆ. ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯೂ ಹಾಗೆಯೇ. ಹತ್ತು ಜನ ಇದ್ದರೂ ಇರಬೇಕು ಅನ್ನುತ್ತದೆ 2013ರ ಕಾಯ್ದೆ. ದೊಡ್ಡ ಕಡೆ ಸದಸ್ಯರ ಹೆಸರು ಗೋಡೆ ಮೇಲೆ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಕೇಳಿ. ಬರುವ ಗಂಡಿನ ಮನೆಯವರಿಗೆ ನೈಟ್ ಡ್ಯೂಟಿ ಇದೆ ಅನ್ನೋದನ್ನು ನಿಶ್ಚಿತಾರ್ಥಕ್ಕೆ ಮುಂಚೆಯೇ ಹೇಳಿಬಿಡಿ. ಆಮೇಲೆ ಹೇಳಿದರೆ ಕೆಲಸವೇ ಬಿಡಿಸುತ್ತಾರೆ. ಐಸಿಯು ಕಲಿತ ಎಷ್ಟು ಹುಡುಗಿಯರು ಹಾಗೆ ಮನೆಯಲ್ಲಿ ಕೂತಿದ್ದಾರೋ, ನೆನೆದರೆ ಹೊಟ್ಟೆ ಉರಿಯುತ್ತದೆ.

ಅಪ್ಪನ ಮಾತಿಗೆ ಬರೋಣ. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆ ಸಿಕ್ಕರೆ ಕಣ್ಣು ಮುಚ್ಚಿ ಹೋಗಿ. ಸಂಬಳದಲ್ಲೂ ಭದ್ರತೆಯಲ್ಲೂ ಖಾಸಗಿ ಅದರ ಹತ್ತಿರ ಬರೋದಿಲ್ಲ. ಆದರೆ ನೇಮಕಾತಿ ಯಾವಾಗ ಕರೆಯುತ್ತಾರೆ ಅನ್ನೋದು ನಿಮ್ಮ ಕೈಲಿಲ್ಲ. ರಾಜ್ಯದ ನೇಮಕಾತಿಗೆ ಸಾಮಾನ್ಯವಾಗಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40 ವರ್ಷದವರೆಗೆ ಅವಕಾಶ ಇದೆ. ನಿಮಗೆ ಸಮಯ ಇದೆ. ಮನೆಯಲ್ಲಿ ಕೂತು ಕಾಯುವ ಬದಲು ಕೆಲಸ ಮಾಡುತ್ತಾ ಓದಿ. ಏಮ್ಸ್ ನಡೆಸುವ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಕೂಡ ಬರೆಯಿರಿ. ಐಸಿಯುನಲ್ಲಿ ಕೈಯಾರೆ ಮಾಡಿದ ಕೆಲಸ ಆ ಪರೀಕ್ಷೆಯ ಪ್ರಶ್ನೆಗಳಿಗೂ ನೆರವಾಗುತ್ತದೆ. ಹದಿನೆಂಟು ತಿಂಗಳಾದಾಗ ಒಂದು ದಿನ ಕೂತು ಯೋಚನೆ ಮಾಡಿ. ಹೊಸದೇನಾದರೂ ಕಲಿಯುತ್ತಿದ್ದೇನಾ, ಇಲ್ಲ ಸುಮ್ನೆ ಡ್ಯೂಟಿ ತಳ್ಳುತ್ತಿದ್ದೇನಾ? ಕಲಿಯೋದು ನಿಂತಿದ್ದರೆ ವಿಭಾಗ ಬದಲಾಯಿಸಿ ಅಂತ ಕೇಳಿ. ಕೊಡದಿದ್ದರೆ ಬಾಂಡ್ ಮುಗಿಯುವ ಹೊತ್ತಿಗೆ ಮುಂದಿನ ಜಾಗ ನೋಡಿಟ್ಟುಕೊಳ್ಳಿ. ನಿಷ್ಠೆ ಅಂತ ಒಂದೇ ಕಡೆ ಉಳಿಯುವ ಸಾಲ ನಿಮಗಿಲ್ಲ.

ಈಗಿನ ಕೆಲಸ ಬಿಡುವಾಗ ಡಾಕ್ಟರ್ ದಂಪತಿ ಹತ್ತಿರ ನೀವೇ ಹೋಗಿ ಹೇಳಿ, ಬೇರೆಯವರಿಂದ ತಿಳಿಯೋದು ಬೇಡ. ಒಂದು ತಿಂಗಳ ಮುಂಚೆ ಬರೆದು ಕೊಡಿ. ಅನುಭವ ಪತ್ರವನ್ನು ಲೆಟರ್‌ಹೆಡ್ ಮೇಲೆ ತಗೊಳ್ಳಿ. ಅದರಲ್ಲಿ ಸೇರಿದ ತಾರೀಕು, ಬಿಟ್ಟ ತಾರೀಕು, ಹಾಸಿಗೆಗಳ ಸಂಖ್ಯೆ, ಹೆರಿಗೆ ವಾರ್ಡಿನಲ್ಲಿ ಮಾಡಿದ ಕೆಲಸ ಎಲ್ಲ ಇರಲಿ. ರಾಜ್ಯ ಶುಶ್ರೂಷಾ ಪರಿಷತ್ತಿನ ನಿಮ್ಮ ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಸೇರುವ ದಿನ ಎಚ್‌ಆರ್ ಮೊದಲು ಕೇಳೋದು ಅದನ್ನೇ.